ಪಾನಾ ಪೂಜೆಗೆ ಕುಳಿತ ಶನಿವಾರ

ಮೊದಲು ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಗೆರೆ ಇರುವ ಹಾಳೆಯಲ್ಲೂ ಸಾಲು ಬಲಕ್ಕೆ ಹೋಗುತ್ತ ಹೋಗುತ್ತ ಕೆಳಗೆ ಇಳಿದುಬಿಡುತ್ತದೆ. ಪದಗಳೂ ನನಗೆ ಕಡಿಮೆ. ಮೈಸೂರಿನಲ್ಲಿ ನಾಲ್ಕನೆಯ ತರಗತಿ ಮುಗಿಸಿ ಇಲ್ಲಿಗೆ, ಡಚ್ಚರ ನಾಡಿಗೆ, ಬಂದವಳು ನಾನು. ಆಮೇಲಿನ ಕನ್ನಡವನ್ನೆಲ್ಲ ಅಮ್ಮ ಅಡುಗೆಮನೆಯ ಮೇಜಿನ ಮೇಲೆ ಕಲಿಸಿದ್ದು. ಇದನ್ನು ಎರಡು ಸಲ ಬರೆದು ಹರಿದುಹಾಕಿದ್ದೇನೆ. ಇದು ಮೂರನೆಯದು. ತಪ್ಪುಗಳಿದ್ದರೆ ಅವು ಅವಸರದಿಂದ ಆದವಲ್ಲ.

ಬಾಡ್‌ಹೂವೆಡಾರ್ಪ್‌ನ ನಮ್ಮ ಕನ್ನಡ ಬಳಗ ರಾಜ್ಯೋತ್ಸವಕ್ಕೆ ಪ್ರತಿ ವರ್ಷ ಒಂದು ಕೈಬರಹದ ಪತ್ರಿಕೆ ತರುತ್ತದೆ. ನನ್ನ ಅಪ್ಪ ಜಯದೇವ ಬಳಗದ ಅಧ್ಯಕ್ಷರು, ಅಮ್ಮ ನಾಗಮಣಿ ಪತ್ರಿಕೆಯ ಸಂಪಾದಕಿ. ಈ ಸಲ ಇಪ್ಪತ್ತು ವರ್ಷದೊಳಗಿನ ನಾವೆಲ್ಲ ನಮ್ಮ ನಡುವೆ ಇರುವ ಒಬ್ಬರ ಬದುಕಿನ ಬಗ್ಗೆ ಬರೆಯಬೇಕು ಎಂದು ತೀರ್ಮಾನವಾಗಿದೆ. ನೂರ್ಡ್‌ವೈಕ್‌ನಲ್ಲಿ ಉಪಗ್ರಹಗಳ ಕೆಲಸ ಮಾಡುವ ಒಬ್ಬರೇ ಅಂಕಲ್ ಬಗ್ಗೆ ಈಗಾಗಲೇ ಮೂವರು ಬರೆಯುತ್ತಿದ್ದಾರೆ.

"ನೀನೂ ಬರಿ ಸಮೀಕ್ಷಾ. ಸ್ಟೇಜ್ ಮೇಲೆ ನಿಂತು ಮಾತಾಡೋದೇನೂ ಇಲ್ಲವಲ್ಲ," ಎಂದರು ಅಮ್ಮ.

ನಾನು ನೀಲಾಂಬಿಕಾ ಆಂಟಿಯ ಬಗ್ಗೆ ಬರೆಯುತ್ತಿದ್ದೇನೆ. ಅಮ್ಮನಿಗೆ ಇನ್ನೂ ಹೇಳಿಲ್ಲ.

ನೀಲಾಂಬಿಕಾ ಆಂಟಿಗೆ ನಲವತ್ತನಾಲ್ಕು ವರ್ಷ. ಊರು ರಾಣೆಬೆನ್ನೂರು. ಪುಣೆ–ಬೆಂಗಳೂರು ಹೆದ್ದಾರಿಯ ಬದಿಯಲ್ಲಿ ಅವರ ಅಪ್ಪನದು ಟೈರ್ ಅಂಗಡಿ. ಸವೆದ ಲಾರಿ ಟೈರುಗಳಿಗೆ ಹೊಸ ರಬ್ಬರ್ ಕೂಡಿಸುವುದು, ಪಂಕ್ಚರ್ ಹಾಕುವುದು. ಮೂವರು ಹೆಣ್ಣುಮಕ್ಕಳಲ್ಲಿ ಅಂಗಡಿಯಲ್ಲಿ ಕೂರಲು ಇಷ್ಟಪಟ್ಟವರು ಇವರೊಬ್ಬರೇ. ಬಿ.ಕಾಂ. ಓದಿದ್ದಾರೆ. ಆದರೆ ಟೈರಿನ ಮೇಲೆ ಅಂಗೈ ಆಡಿಸಿ ಅದು ಎಷ್ಟು ಸಾವಿರ ಕಿಲೋಮೀಟರ್ ಓಡಿದೆ ಎಂದು ಹೇಳುತ್ತಾರೆ. ಒಮ್ಮೆ ನನ್ನ ಅಪ್ಪನ ಕಾರಿನ ಟೈರಿಗೂ ಹಾಗೆ ಹೇಳಿದರು. ಅಪ್ಪ ಸರ್ವಿಸ್ ಕಾಗದ ತೆಗೆದು ನೋಡಿದರು. ಸರಿ ಇತ್ತು. ಅಪ್ಪ ಕಾಗದ ಮಡಚಿದರು.

ಅವರು ಎಂಟು ವರ್ಷದ ಹಿಂದೆ ಗಂಡ ದಿವಾಕರ ಅವರ ಜೊತೆ ಬಂದವರು. ಎರಡು ವರ್ಷದ ಹಿಂದೆ ದಿವಾಕರ ಅಂಕಲ್ ಪ್ರಾಜೆಕ್ಟ್ ಮುಗಿದು ವಾಪಸ್ ಹೋದರು, ಆಂಟಿ ಹೋಗಲಿಲ್ಲ. ಏಕೆ ಎಂದು ಬಳಗದಲ್ಲಿ ಯಾರೂ ಅವರನ್ನು ನೇರವಾಗಿ ಕೇಳಲಿಲ್ಲ. ಹಿಂದಿನಿಂದ ಎಲ್ಲರೂ ಉತ್ತರ ಹೇಳಿದರು. ಆಗಲೇ ಅವರಿಗೆ ಸ್ವಂತ ವಸತಿ ಪರವಾನಗಿ ಸಿಕ್ಕಿತ್ತು. ನ್ಯೂವೆಗೈನ್‌ನ ಬಿಸಿನೆಸ್ ಪಾರ್ಕ್‌ನಲ್ಲಿ ಒಂದು ಟೈರ್ ಗೋದಾಮಿದೆ. ಜನ ಬೇಸಿಗೆಯಲ್ಲಿ ಚಳಿಗಾಲದ ಚಕ್ರಗಳನ್ನೂ ಚಳಿಗಾಲದಲ್ಲಿ ಬೇಸಿಗೆಯ ಚಕ್ರಗಳನ್ನೂ ಅಲ್ಲಿ ಇಟ್ಟುಹೋಗುತ್ತಾರೆ. ಅಲ್ಲಿ ಚಕ್ರ ಬದಲಿಸುವ ಕೆಲಸಕ್ಕೆ ಆಂಟಿ ಸೇರಿದರು. ಮೊದಲ ಒಪ್ಪಂದ ಒಂದು ವರ್ಷದ್ದು, ಎರಡನೆಯದೂ ಒಂದು ವರ್ಷದ್ದು. ಈ ನವೆಂಬರ್ ಒಂದಕ್ಕೆ ಕಾಯಂ ಒಪ್ಪಂದ ಕೊಡುತ್ತೇನೆ ಎಂದು ಅವರ ಮೇಲಧಿಕಾರಿ ಯೆರೂನ್ ಮಾತು ಕೊಟ್ಟಿದ್ದರು. ಇಲ್ಲಿ ಕಾಯಂ ಒಪ್ಪಂದವಿಲ್ಲದ ಒಂಟಿ ಹೆಂಗಸಿಗೆ ಯಾರೂ ಸುಲಭಕ್ಕೆ ಮನೆ ಬಾಡಿಗೆಗೆ ಕೊಡುವುದಿಲ್ಲ. ಆಂಟಿ ಈಗ ಇರುವ ಕೋಣೆಯನ್ನು ಡಿಸೆಂಬರಿನಲ್ಲಿ ಬಿಡಬೇಕು. ನ್ಯೂವೆಗೈನ್‌ನಲ್ಲಿ ಎರಡು ಕೋಣೆಯ ಒಂದು ಮನೆ ನೋಡಿ ಬಂದಿದ್ದರು. ನನಗೆ ಅದರ ಬಾಲ್ಕನಿಯ ಫೋಟೊ ತೋರಿಸಿದ್ದರು. ಬಾಲ್ಕನಿಯಲ್ಲಿ ಏನೂ ಇರಲಿಲ್ಲ. "ಇಲ್ಲಿ ಕುಂತು ಚಾ ಕುಡೀತೀನಿ ನೋಡು," ಎಂದಿದ್ದರು.

ಅಕ್ಟೋಬರ್ ಬಂದರೆ ನಮ್ಮ ಬಳಗದವರಿಗೆಲ್ಲ ಆಂಟಿಯ ನೆನಪಾಗುತ್ತದೆ. ಉಳಿದ ಹನ್ನೊಂದು ತಿಂಗಳು ಅಷ್ಟಾಗಿ ಆಗುವುದಿಲ್ಲ. ಇಲ್ಲಿ ಚಳಿಗಾಲದ ಟೈರ್ ಕಡ್ಡಾಯವಲ್ಲ, ಆದರೆ ಜರ್ಮನಿಯ ಕಡೆ ಹೋಗುವವರಿಗೆ ಬೇಕೇ ಬೇಕು. ಆಂಟಿ ತಮ್ಮ ಬಿಡುವಿನ ಹೊತ್ತಿನಲ್ಲಿ ಬಂದು, ಸಮುದಾಯ ಭವನದ ಪಾರ್ಕಿಂಗ್‌ನಲ್ಲಿ ಒಂದೊಂದಾಗಿ ಎಲ್ಲರ ಚಕ್ರ ಬದಲಿಸಿಕೊಡುತ್ತಾರೆ. ಏನನ್ನೂ ತೆಗೆದುಕೊಳ್ಳುವುದಿಲ್ಲ.

"ಏಳು ಡಿಗ್ರಿ ಕೆಳಗ ಬಂತಂದ್ರ ಬ್ಯಾಸಿಗಿ ಟೈರು ಕಟ್ಟಿಗಿ ಆಗ್ತೈತ್ರಿ. ಬ್ರೇಕ್ ನೀವು ಒತ್ತೀರಿ, ಗಾಡಿ ಕೇಳಬೇಕಲ್ಲ?" ಎನ್ನುತ್ತಾರೆ.

ಅವರು ಕೆಲಸ ಮಾಡುವ ರೀತಿ ನೋಡಲು ನನಗೆ ಇಷ್ಟ. ಬಿಚ್ಚಿದ ಚಕ್ರದ ಮೇಲೆ ಹಳದಿ ಸೀಮೆಸುಣ್ಣದಿಂದ ಅದು ಎಲ್ಲಿಯದೆಂದು ಬರೆಯುತ್ತಾರೆ. ಗೋದಾಮಿನಲ್ಲಿ ಡಚ್ ಅಕ್ಷರ. ನಮ್ಮವರ ಚಕ್ರಗಳ ಮೇಲೆ 'ಎಮುಂ', 'ಬಹಿಂ' – ಎಡ ಮುಂದೆ, ಬಲ ಹಿಂದೆ. ಹೊಸ ಚಕ್ರ ಕೂಡಿಸಿ ಬೋಲ್ಟುಗಳನ್ನು ಮೊದಲು ಕೈಯಿಂದ ತಿರುಗಿಸುತ್ತಾರೆ. ಜಾಕ್ ಇಳಿಸಿದ ಮೇಲೆ ಪಾನಾ ಹಿಡಿಯುತ್ತಾರೆ. ಅದು ಮೊಳ ಉದ್ದದ ಸ್ಪ್ಯಾನರ್. ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ಹೊಂದಿಸಿಟ್ಟರೆ, ಅಷ್ಟು ಬಿಗಿಯಾದ ಕೂಡಲೇ ಟಕ್ ಎನ್ನುತ್ತದೆ. ಒಂದು ಬೋಲ್ಟ್, ಆಮೇಲೆ ಅದರ ಎದುರಿನದು. "ಟಕ್ ಅಂದ್ರ ಸಾಕು. ಅದಕ್ಕೂ ಮೊದ್ಲ ಬಿಡಬಾರದು, ಆಮ್ಯಾಲ ಜಗ್ಗಬಾರದು." ಒಂದು ವಾರ ಬಿಟ್ಟು ಪ್ರತಿ ಮನೆಗೂ ಹೋಗಿ ಇನ್ನೊಮ್ಮೆ ಟಕ್ ಅನ್ನಿಸಿ ಬರುತ್ತಾರೆ. ಕೆಲವರಿಗೆ ಅದು ಕಿರಿಕಿರಿ. "ಊಟದ ಟೈಮ್‌ಗೆ ಕರೆಕ್ಟಾಗಿ ಬರ್ತಾರೆ," ಎಂದು ಒಬ್ಬರು ಹೇಳಿದ್ದನ್ನು ನಾನು ಕೇಳಿದ್ದೇನೆ. ಆಂಟಿ ಯಾರ ಮನೆಯಲ್ಲೂ ಊಟ ಮಾಡಿದ್ದನ್ನು ನಾನು ನೋಡಿಲ್ಲ.

ನನ್ನ ಬಗ್ಗೆಯೂ ಎರಡು ಸಾಲು ಬರೆಯಬೇಕು. ನನಗೆ ಹದಿನೆಂಟು. ಹೋದ ವರ್ಷ ಶಾಲೆ ಬಿಟ್ಟೆ. ಆ ವರ್ಷ ತರಗತಿಯ ಮುಂದೆ ನಿಂತು ಹದಿನಾಲ್ಕು ಸಲ ಮಾತನಾಡಬೇಕಿತ್ತು. ಹನ್ನೊಂದು ಸಲ ನಾನು ಮಾತನಾಡಲಿಲ್ಲ. ಬಳಗದ ಎಲ್ಲ ಆಂಟಿಯರೂ ಮುಂದೇನು ಎಂದು ಕೇಳಿದ್ದಾರೆ. ನೀಲಾಂಬಿಕಾ ಆಂಟಿ ಮಾತ್ರ "ಚಳಿ ಐತಿ, ಆ ಟೈರಿನ ಮ್ಯಾಲ ಕುಂದರು, ನೆಲ ತಂಪೈತಿ," ಎಂದು ಹೇಳಿ ಕೆಲಸ ಮುಂದುವರಿಸಿದರು.

ಈಗ ಆ ಶನಿವಾರಕ್ಕೆ ಬರುತ್ತೇನೆ.

ಆಯುಧಪೂಜೆ ಯಾವ ವಾರ ಬಂದರೂ ನಮ್ಮ ಬಳಗ ಅದನ್ನು ಶನಿವಾರಕ್ಕೂ ವಿಜಯದಶಮಿಯನ್ನು ಭಾನುವಾರಕ್ಕೂ ತಳ್ಳುತ್ತದೆ. ಸಮುದಾಯ ಭವನದ ಪಾರ್ಕಿಂಗ್‌ನಲ್ಲಿ ಕಾರುಗಳನ್ನು ಸಾಲಾಗಿ ನಿಲ್ಲಿಸಿ ಹೂವು, ಕುಂಕುಮ ಇಟ್ಟು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸುತ್ತೇವೆ. ಕುಂಬಳಕಾಯಿ ಒಡೆಯುವುದನ್ನು ಬಿಟ್ಟಿದ್ದೇವೆ. ಹೋದ ವರ್ಷ ಒಡೆದಾಗ ಕಲ್ಲಿನ ಮೇಲೆ ಕುಂಕುಮದ ಕಲೆ ಉಳಿದು ಪುರಸಭೆಯಿಂದ ಅಪ್ಪನಿಗೆ ಪತ್ರ ಬಂದಿತ್ತು.

ಆಂಟಿ ಬೆಳಿಗ್ಗೆ ಹತ್ತರಿಂದ ಚಕ್ರ ಬದಲಿಸುತ್ತಿದ್ದರು. ಎಂಟು ಕಾರು. ಕೊನೆಯದು ಚೇತನ್ ಅಂಕಲ್ ಅವರದು. ಮುಂದಿನ ಎರಡು ಚಕ್ರ ಪೂರ್ತಿ ಮುಗಿದಿದ್ದವು. ಹಿಂದಿನ ಎರಡನ್ನು ಕೂಡಿಸಿ, ಕೈಯಿಂದ ಬೋಲ್ಟ್ ತಿರುಗಿಸಿ, ಜಾಕ್ ಇಳಿಸಿದ್ದರು ಅಷ್ಟೆ. ಆಗ ಅಪ್ಪ ರೇಷ್ಮೆ ಜುಬ್ಬಾ ಹಾಕಿಕೊಂಡು ತಟ್ಟೆ ಹಿಡಿದು ಬಂದರು.

"ನೀಲಾಂಬಿಕಾ ಅವ್ರೇ, ಪೂಜೆ ಟೈಮ್ ಆಯ್ತು. ಟೂಲ್ಸ್ ಎಲ್ಲ ಕೊಡಿ ಇಲ್ಲಿ. ನಿಮ್ಮ ಆ ಉದ್ದ ಸ್ಪ್ಯಾನರ್ರೇ ಇವತ್ತಿನ ಚೀಫ್ ಗೆಸ್ಟ್."

"ಸರ್ರ, ಇದೊಂದ ಗಾಡಿ ಉಳದೈತ್ರಿ. ನಾಕ ನಿಮಿಷ ತಡೀರಿ."

"ಐದು ಗಂಟೆಗೆ ಹಾಲ್ ಖಾಲಿ ಮಾಡ್ಬೇಕು. ಆಮೇಲೆ ಝುಂಬಾ ಕ್ಲಾಸ್‌ನವರು ಬಂದು ಬಾಗಿಲಲ್ಲಿ ನಿಂತ್ಕೋತಾರೆ. ಪೂಜೆ ಆದ್ಮೇಲೆ ಟೈಟ್ ಮಾಡಿ, ಏನಂತೆ?"

"ಪೂಜಿಗೆ ಇಟ್ಟ ಮ್ಯಾಲ ಪಾನಾ ಮುಟ್ಟಬಾರದಲ್ರಿ ಸರ್ರ."

"ಹಂಗಾದ್ರೆ ನಾಳೆ ಮಾಡಿ. ಕಾರು ಎಲ್ಲಿಗೆ ಓಡಿಹೋಗುತ್ತೆ?"

ಸುತ್ತ ನಿಂತವರು ನಕ್ಕರು. ಆಂಟಿಯೂ ಸ್ವಲ್ಪ ನಕ್ಕರು. ಅವರ ಅಪ್ಪನ ಅಂಗಡಿಯಲ್ಲಿ ಪೂಜೆಗೆ ಇಟ್ಟ ಸಾಮಾನನ್ನು ಮರುದಿನದ ಪೂಜೆಯಾಗುವ ತನಕ ಮುಟ್ಟುತ್ತಿರಲಿಲ್ಲವಂತೆ. ಲಾರಿ ಬಂದು ಬಾಗಿಲಲ್ಲಿ ನಿಂತರೂ ಚಾಲಕನಿಗೆ ಊಟ ಹಾಕಿ ಮಲಗಿಸುತ್ತಿದ್ದರಂತೆ. ಅದನ್ನು ಅವರೇ ನನಗೆ ಹೇಳಿದ್ದು. ಆಂಟಿ ಪಾನಾವನ್ನು ಬಟ್ಟೆಯಿಂದ ಒರೆಸಿ ಎರಡೂ ಕೈಯಲ್ಲಿ ಅಪ್ಪನಿಗೆ ಕೊಟ್ಟರು. ಜಾಕ್ ಮತ್ತು ಸಣ್ಣ ಸ್ಪ್ಯಾನರುಗಳನ್ನೂ ಕೊಟ್ಟರು.

"ಚೇತನ್ ಅವರಿಗೆ ಹೇಳ್ರಿ ಸರ್ರ, ಗಾಡಿ ಓಡಸಬಾರದು ಅಂತ. ನಾಳೆ ಮುಂಜಾನೆ ಎಂಟಕ್ಕ ಬಂದು, ಪಾನಾಕ್ಕ ಪೂಜಿ ಮಾಡಿ, ಬಿಗಿ ಮಾಡ್ತೀನಿ."

"ಹೇಳ್ತೀನಿ, ಹೇಳ್ತೀನಿ."

ಚೇತನ್ ಅಂಕಲ್ ಆಗ ಭವನದ ಒಳಗೆ ಮಗುವಿಗೆ ಊಟ ಮಾಡಿಸುತ್ತಿದ್ದರು. ಆಂಟಿಗೆ ಸಂಜೆಯ ಪಾಳಿ ಇತ್ತು; ಅಕ್ಟೋಬರ್ ಶನಿವಾರಗಳಲ್ಲಿ ಗೋದಾಮು ತಡವಾಗಿ ಮುಚ್ಚುತ್ತದೆ. ಅವರು ನನ್ನ ಕಡೆ ತಿರುಗಿ, "ನನ್ನ ಕೈ ಎಣ್ಣಿ ಐತಿ. ನೀ ಒಂದು ಚೀಟಿ ಬರದು ಸ್ಟೇರಿಂಗಿಗೆ ಹಚ್ಚು ತಂಗಿ," ಎಂದರು.

ನಾನು ಬರೆದೆ. 'ಓಡಿಸಬೇಡಿ. ಹಿಂದಿನ ಎರಡು ಚಕ್ರಗಳ ಬೋಲ್ಟ್ ಬಿಗಿ ಮಾಡಿಲ್ಲ. ನಾಳೆ ಬೆಳಿಗ್ಗೆ ಎಂಟಕ್ಕೆ ಮಾಡಲಾಗುವುದು. – ನೀಲಾಂಬಿಕಾ.' ಕೆಳಗೆ ಅದನ್ನೇ ಡಚ್ ಭಾಷೆಯಲ್ಲಿ ದೊಡ್ಡದಾಗಿ ಬರೆದೆ. ದಿನಾಂಕವನ್ನೂ ಹಾಕಿದೆ. ಕಾರಿನ ಬಾಗಿಲು ತೆರೆದೇ ಇತ್ತು. ಸ್ಟೇರಿಂಗ್ ಚಕ್ರದ ನಡುವೆ ಅಂಟುಪಟ್ಟಿ ಹಾಕಿ ಅಂಟಿಸಿದೆ. ಆಂಟಿ ಬಗ್ಗಿ ನೋಡಿ "ಹ್ಞಾಂ" ಎಂದು ಹೊರಟರು.

ಫೋನಿನಲ್ಲಿ ಮಂತ್ರ ಹಾಕಿ ಪೂಜೆ ನಡೆಯಿತು. ಅಪ್ಪ ಪ್ರತಿ ಕಾರಿನ ಸ್ಟೇರಿಂಗಿಗೂ ಹೂವು ಕಟ್ಟುತ್ತ ಬಂದರು. ಚೇತನ್ ಅಂಕಲ್ ಅವರ ಕಾರಿನಲ್ಲಿ ಅಪ್ಪ ಚೀಟಿಯನ್ನು ಕಂಡು ಕಿತ್ತರು, ಮಡಚಿ ಜುಬ್ಬಾದ ಜೇಬಿಗೆ ಹಾಕಿದರು, ಹೂವು ಕಟ್ಟಿದರು. ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ.

"ಅಪ್ಪಾ, ಅದು..."

"ಆಮೇಲೆ ಪುಟ್ಟಾ. ಫೋಟೊಗೆ ಅಡ್ಡ ಬರುತ್ತೆ."

ಚೇತನ್ ಅಂಕಲ್ ಬಂದು ಕೂತರು. ಅವರ ಹೆಂಡತಿ ಸ್ಮೃತಿ ಮಗುವನ್ನು ಎತ್ತಿಕೊಂಡು ವಿಡಿಯೊ ಮಾಡಿದರು. ನಾಲ್ಕು ನಿಂಬೆಹಣ್ಣುಗಳ ಮೇಲೆ ಕಾರು ಹತ್ತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಅವರು ಅದೇ ಕಾರಿನಲ್ಲಿ ಮನೆಗೆ ಹೋದರು. ಮನೆ ಹತ್ತಿರವೇ.

ನಾನು ಏಕೆ ಕೂಗಲಿಲ್ಲ? ಇದಕ್ಕೆ ಉತ್ತರ ಬರೆಯಲು ಪ್ರತಿ ಸಲವೂ ಅರ್ಧ ಪುಟ ತೆಗೆದುಕೊಂಡು ಹೊಡೆದುಹಾಕಿದ್ದೇನೆ. ಚೀಟಿ ಅಪ್ಪನ ಜೇಬಿನಲ್ಲಿದೆ, ಅವರು ಓದಿಯೇ ಇರುತ್ತಾರೆ, ಫೋನ್ ಮಾಡಿ ಹೇಳುತ್ತಾರೆ ಎಂದುಕೊಂಡೆ. ಅಷ್ಟು ಜನರ ಎದುರು ಕೂಗಬೇಕಿತ್ತು, ಕೂಗಲಿಲ್ಲ. ಇಷ್ಟೇ ಉತ್ತರ.

ಭಾನುವಾರ ಬೆಳಿಗ್ಗೆ ಏಳೂವರೆಗೆ ಚೇತನ್ ಅಂಕಲ್ ಹೆಂಡತಿ ಮಗುವಿನ ಜೊತೆ ಜರ್ಮನಿಯ ಕಡೆ ಹೊರಟರು. ಉಟ್ರೆಕ್ಟ್ ದಾಟಿದ ಮೇಲೆ ಹಿಂದಿನಿಂದ ತಟತಟ ಸದ್ದು ಬಂತಂತೆ. ರಸ್ತೆಯ ಅಂಚಿಗೆ ತಂದು ಇಳಿದು ನೋಡಿದರೆ ಎಡ ಹಿಂದಿನ ಚಕ್ರ ಎರಡೇ ಬೋಲ್ಟುಗಳ ಮೇಲೆ ವಾಲಿ ನಿಂತಿತ್ತು. ಉಳಿದ ಮೂರು ದಾರಿಯಲ್ಲಿ ಬಿದ್ದುಹೋಗಿದ್ದವು. ಯಾರಿಗೂ ಏನೂ ಆಗಲಿಲ್ಲ. ಈ ವಾಕ್ಯವನ್ನು ನಾನು ದಿನಕ್ಕೆ ಎಷ್ಟೋ ಸಲ ಹೇಳಿಕೊಳ್ಳುತ್ತೇನೆ.

ಅದೇ ಹೊತ್ತಿಗೆ ಆಂಟಿ ಸಮುದಾಯ ಭವನದ ಮುಂದೆ ಖಾಲಿ ಪಾರ್ಕಿಂಗ್‌ನಲ್ಲಿ ನಿಂತಿದ್ದರು. ಹೇಳಿದಂತೆ ಎಂಟಕ್ಕೆ ಸರಿಯಾಗಿ ಬಂದಿದ್ದರು. ನೆಲದ ಮೇಲೆ ಅಪ್ಪಚ್ಚಿಯಾದ ನಿಂಬೆಹಣ್ಣುಗಳು ಇದ್ದವು, ಕಾರು ಇರಲಿಲ್ಲ. ಚೇತನ್ ಅಂಕಲ್‌ಗೆ ಮೂರು ಸಲ ಫೋನ್ ಮಾಡಿದರು. ಮೂರನೆಯದಕ್ಕೆ ಅವರು ಎತ್ತಿ ಬೈದು, ಆಂಟಿ ಮಾತಾಡುವ ಮೊದಲೇ ಇಟ್ಟುಬಿಟ್ಟರಂತೆ.

ನಮ್ಮ ಮನೆಗೂ ಚೇತನ್ ಅಂಕಲ್ ಅವರ ಫೋನ್ ಬಂತು. ಅಪ್ಪ ಸ್ಪೀಕರಿನಲ್ಲಿ ಹಾಕಿದ್ದರು.

"ಜಯದೇವ್ ಸರ್, ಆಯಮ್ಮ ಬೋಲ್ಟೇ ಟೈಟ್ ಮಾಡಿಲ್ಲ! ನನ್ನ ಫ್ಯಾಮಿಲಿ ಇತ್ತು ಸರ್ ಒಳಗೆ. ಡಿಪೋದಲ್ಲಿ ಕೆಲಸ ಮಾಡ್ತೀನಿ ಅಂತಾರೆ, ಇಷ್ಟೇನಾ?"

ಅಪ್ಪನ ಕೈ ಎದೆಯ ಬಳಿ ಜೇಬು ಇರುವ ಜಾಗಕ್ಕೆ ಹೋಯಿತು. ಆದರೆ ಅವರು ಆಗ ಟಿ-ಷರ್ಟ್‌ನಲ್ಲಿದ್ದರು.

"ತುಂಬಾ ಇರೆಸ್ಪಾನ್ಸಿಬಲ್," ಎಂದರು. "ನೀವೆಲ್ಲ ಸೇಫ್ ತಾನೆ? ಅದು ಮುಖ್ಯ."

ಅಂದು ಸಂಜೆ ನಾಲ್ಕಕ್ಕೆ ನಮ್ಮ ಮನೆಯಲ್ಲಿ ಬನ್ನಿ ಹಂಚುವುದಿತ್ತು. ಇಲ್ಲಿ ಬನ್ನಿ ಮರವಿಲ್ಲ. ಪ್ರತಿ ವರ್ಷ ಆಂಟಿಯೇ ರಾಣೆಬೆನ್ನೂರಿನಿಂದ ಅಂಚೆಯಲ್ಲಿ ತರಿಸಿ, ಒಣಗಿದ ಎಲೆಗಳನ್ನು ಪುಸ್ತಕದ ನಡುವೆ ಇಟ್ಟು ತರುತ್ತಾರೆ. ನಮ್ಮ ಬಳಗದಲ್ಲಿ ಮೈಸೂರು, ಬೆಂಗಳೂರಿನವರೇ ಹೆಚ್ಚು. ಎಲೆ ಕೊಟ್ಟು ತೆಗೆದುಕೊಂಡರೆ ಹಳೆಯ ಮುನಿಸು ಮುಗಿಯಿತು ಎಂಬ ಪದ್ಧತಿಯನ್ನು ನಮಗೆ ಕಲಿಸಿದ್ದೇ ಅವರು. ಅವರು ಬರುವುದಿಲ್ಲ ಎಂದುಕೊಂಡಿದ್ದೆ. ಬಂದರು. ಬಾಗಿಲಲ್ಲಿ ಶೂ ಬಿಚ್ಚಿ, ಅಷ್ಟೂ ಜನರ ನಡುವೆ ನಿಂತು, ಒಬ್ಬೊಬ್ಬರ ಮುಂದೆಯೂ ಕೈ ಚಾಚಿದರು.

"ಬನ್ನಿ ತೊಗೊಂಡು ಬಂಗಾರದಂಗ ಇರೂಣ್ರಿ."

ಒಬ್ಬರ ಕೈಯಲ್ಲಿ ತಟ್ಟೆ ಇತ್ತು. ಇನ್ನೊಬ್ಬರಿಗೆ ಫೋನ್ ಬಂತು, ಗಂಟೆ ಬಾರಿಸದ ಫೋನ್. ಅರ್ಧ ದಾರಿಯಿಂದ ವಾಪಸಾಗಿದ್ದ ಸ್ಮೃತಿ ಆಂಟಿ ಮಗುವನ್ನು ಎತ್ತಿಕೊಂಡು ಗೋಡೆಯ ಕಡೆ ತಿರುಗಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅಪ್ಪ ಮಾತ್ರ ಕೈ ಚಾಚಿ ಬನ್ನಿ ತೆಗೆದುಕೊಂಡರು. "ಆಗಿದ್ದು ಆಗಿಹೋಯ್ತು, ಬಿಡಿ," ಎಂದು ದೊಡ್ಡದಾಗಿ ಹೇಳಿದರು. ಅಪ್ಪ ಎಷ್ಟು ದೊಡ್ಡ ಮನಸ್ಸಿನವರು ಎಂದು ಆಮೇಲೆ ಎಲ್ಲರೂ ಮಾತನಾಡಿಕೊಂಡರು.

ನನ್ನ ಮುಂದೆಯೂ ಆಂಟಿ ನಿಂತರು. ನಾನು ಎಲೆ ತೆಗೆದುಕೊಂಡೆ. ಅವರು ನನ್ನ ಮುಖ ನೋಡಿದರು. ಮುಂದಿನವರ ಕಡೆ ಕೈ ಚಾಚಿದರು.

ಸೋಮವಾರ ಬಟ್ಟೆ ಒಗೆಯಲು ಹಾಕುವಾಗ ಜುಬ್ಬಾದ ಜೇಬಿನಲ್ಲಿ ಚೀಟಿ ಸಿಕ್ಕಿತು. ಅಂಟುಪಟ್ಟಿಗೆ ಒಂದು ಸೇವಂತಿಗೆ ಎಸಳು ಅಂಟಿಕೊಂಡಿತ್ತು. ಅದನ್ನು ತೆಗೆದುಕೊಂಡು ಅಪ್ಪನ ಬಳಿ ಹೋದೆ. ಅವರು ಲ್ಯಾಪ್‌ಟಾಪ್ ಮುಚ್ಚಲಿಲ್ಲ.

"ಅಪ್ಪಾ, ಇದನ್ನ ಚೇತನ್ ಅಂಕಲ್‌ಗೆ ತೋರಿಸ್ಬೇಕು."

"ಯಾಕೆ? ಯಾರಿಗೂ ಏನೂ ಆಗಿಲ್ಲ ಅಲ್ವಾ?"

"ಆಂಟಿ ಮೇಲೆ ಎಲ್ಲರೂ..."

"ನಾನು ಓದಿಲ್ಲ ಪುಟ್ಟಾ ಅದನ್ನ. ನಿನ್ನ ಅಕ್ಷರ ಯಾರಿಗೆ ಓದೋಕಾಗುತ್ತೆ ಹೇಳು? ಈಗ ಇದನ್ನ ತೆಗೆದ್ರೆ ಬಳಗ ಒಡೆದುಹೋಗುತ್ತೆ. ಎಂಟು ವರ್ಷ ಕಟ್ಟಿದ್ದೀನಿ. ಸ್ಕೂಲನ್ನೇ ಮುಗಿಸೋಕಾಗಲಿಲ್ಲ ನಿನಗೆ, ಇದೊಂದು ಮುಗಿಸ್ತೀಯಾ?"

ಅಪ್ಪ ಕೆಟ್ಟವರಲ್ಲ ಎಂದು ಇಲ್ಲಿ ಬರೆದು ಹೊಡೆದುಹಾಕಿದ್ದೇನೆ. ಅದು ನಿಜವಿರಬಹುದು. ಆದರೆ ಇದು ಅವರ ಬದುಕಿನ ಬಗೆಗಿನ ಲೇಖನವಲ್ಲ.

ಅಷ್ಟು ಹೊತ್ತಿಗೆ ಚೇತನ್ ಅಂಕಲ್ ಗೋದಾಮಿಗೆ ಇಮೇಲ್ ಕಳಿಸಿಯಾಗಿತ್ತು, ಚಕ್ರದ ಫೋಟೊಗಳ ಸಮೇತ. ಯೆರೂನ್ ಆಂಟಿಯನ್ನು ಕರೆದು ಎರಡೇ ಪ್ರಶ್ನೆ ಕೇಳಿದರಂತೆ. ಈ ಚಕ್ರ ಹಾಕಿದ್ದು ನೀನೇನಾ? ಹೌದು. ಬಿಗಿ ಮಾಡಿದ್ದೆಯಾ? ಇಲ್ಲ. ಕೆಲಸ ಗೋದಾಮಿನ ಹೊರಗೆ ಆದದ್ದು. ಆದರೆ ಬೋಲ್ಟ್ ಬಿಗಿ ಮಾಡದೆ ಬಿಟ್ಟವರಿಗೆ ಕಾಯಂ ಒಪ್ಪಂದ ಕೊಡಲಾಗದು ಎಂದು ಅವರು ಹೇಳಿದರು. ಅಕ್ಟೋಬರ್ ಮೂವತ್ತೊಂದು ಆಂಟಿಯ ಕೊನೆಯ ದಿನ.

ಇದನ್ನು ಆಂಟಿಯೇ ಹೇಳಿದ್ದು. ನಿನ್ನೆ ಅವರ ಕೋಣೆಗೆ ಹೋಗಿದ್ದೆ. ಮಂಚದ ಮೇಲೆ ಬಟ್ಟೆ ಹಾಸಿ, ಪಾನಾದ ಹಿಡಿಯಲ್ಲಿ ಒಣಗಿದ್ದ ಕುಂಕುಮವನ್ನು ಹಳೆಯ ಬ್ರಷ್‌ನಿಂದ ಕೀಳುತ್ತಿದ್ದರು.

"ಚೀಟಿ ವಿಷಯ ಯೆರೂನ್‌ಗೆ ಯಾಕೆ ಹೇಳಲಿಲ್ಲ ಆಂಟಿ?"

"ಏನಂತ ಹೇಳ್ಲಿ? ದೇವರ ಮುಂದ ಇಟ್ಟಿದ್ದೆ, ಅದಕ್ಕ ಬಿಗಿ ಮಾಡ್ಲಿಲ್ಲ ಅಂತ ಡಚ್ಚಿನಾಗ ಹ್ಯಾಂಗ ಹೇಳ್ತಾರ? ಅಂವಾ ನನ್ನ ಹುಚ್ಚಿ ಅಂದಾನು."

"ಚೀಟಿ ಇತ್ತಲ್ಲ."

"ಇತ್ತು. ಈಗ ಎಲ್ಲೈತಿ?"

ಚೀಟಿ ನನ್ನ ಕೋಟಿನ ಒಳಜೇಬಿನಲ್ಲೇ ಇತ್ತು. ಸೋಮವಾರದಿಂದ ಎಂಟು ದಿನ ಅದನ್ನು ಅಲ್ಲೇ ಇಟ್ಟುಕೊಂಡು ಓಡಾಡಿದ್ದೇನೆ.

"ಒಂದ ತಪ್ಪ ನಂದೂ ಐತಿ ತಂಗಿ," ಎಂದರು. "ಟಕ್ ಅನ್ನೂಮಟ ಬಿಡಬಾರದು ಅಂತ ನಾನ ಹೇಳ್ತಿದ್ನಿ. ನಾನ ಪಾನಾ ಬಿಟ್ಟು ಕೊಟ್ನಿ. ನಮ್ಮಪ್ಪ ಲಾರಿನ ಮಲಗಸ್ತಿದ್ದ. ನಾ ಗಾಡಿ ಬಿಟ್ಟು ಹ್ವಾದೆ." ಆಮೇಲೆ ಚಹಾ ಕೊಟ್ಟರು. ಬಾಲ್ಕನಿಯ ಮನೆಯವರಿಗೆ ಬೇಡವೆಂದು ತಿಳಿಸಿಬಿಟ್ಟಿರಾ ಎಂದು ಕೇಳಿದೆ. ಶುಕ್ರವಾರದ ತನಕ ಸಮಯವಿದೆ ಎಂದರು.

ಆಂಟಿಯ ಬದುಕಿನ ಬಗ್ಗೆ ನನಗೆ ಗೊತ್ತಿರುವುದು ಇಷ್ಟು. ಬಳಗದ ಮೂವತ್ತಕ್ಕೂ ಹೆಚ್ಚು ಕಾರುಗಳು ಅವರು ಟಕ್ ಅನ್ನಿಸಿದ ಬೋಲ್ಟುಗಳ ಮೇಲೆ ಓಡುತ್ತಿವೆ. ಈಗಲೂ, ಅವರನ್ನು ವಾಟ್ಸ್ಯಾಪ್ ಗುಂಪಿನಿಂದ ತೆಗೆದ ಮೇಲೂ, ಓಡುತ್ತಿವೆ.

ಇಂದು ಬುಧವಾರ. ಈ ಲೇಖನವನ್ನು ಅಮ್ಮನ ಸಂಪಾದಕೀಯದ ಕಡತದಲ್ಲಿ ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಅವರು ಇದನ್ನು ಪತ್ರಿಕೆಗೆ ಸೇರಿಸದಿದ್ದರೆ ಇದರ ಪ್ರತಿಗಳನ್ನು ನಾನೇ ಬರೆದು ಮನೆಮನೆಗೆ ಹಾಕುತ್ತೇನೆ. ನಾಳೆ ಬೆಳಿಗ್ಗೆ ಏಳರ ಬಸ್ಸಿಗೆ ಸ್ಖಿಪೋಲ್‌ಗೆ, ಅಲ್ಲಿಂದ ರೈಲಿನಲ್ಲಿ ಉಟ್ರೆಕ್ಟ್‌ಗೆ, ಅಲ್ಲಿಂದ ಟ್ರಾಮಿನಲ್ಲಿ ನ್ಯೂವೆಗೈನ್‌ಗೆ ಹೋಗುತ್ತೇನೆ. ಗೋದಾಮು ಒಂಬತ್ತಕ್ಕೆ ತೆರೆಯುತ್ತದೆ. ಚೀಟಿಯನ್ನು ಯೆರೂನ್ ಅವರ ಕೈಗೆ ಕೊಟ್ಟು, ಅದನ್ನು ಬರೆದವಳು ನಾನು, ಕಿತ್ತವರು ನನ್ನ ಅಪ್ಪ, ನೋಡಿಯೂ ಸುಮ್ಮನಿದ್ದವಳು ನಾನು ಎಂದು ಡಚ್ ಭಾಷೆಯಲ್ಲಿ, ನಿಂತುಕೊಂಡು, ಹೇಳುತ್ತೇನೆ.